ಶ್ವಾಂಗೌ ಗ್ರಾಮದ ಹಂಸ ಲುಡ್ವಿಗ್ ದೊರೆಗಿಂತ ಹಳೆಯದು

ಮಾನ್ಯ ಸಂಪಾದಕರಿಗೆ,

ಜರ್ಮನಿಯ ಬವೇರಿಯಾ ರಾಜ್ಯದ ನೊಯ್‌ಶ್ವಾನ್‌ಸ್ಟೈನ್ ಅರಮನೆಯನ್ನು ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಆ ಅರಮನೆ ಇರುವ ಶ್ವಾಂಗೌ ಗ್ರಾಮದ ಲಾಂಛನದಲ್ಲಿ ಕಾಣುವ ಹಂಸವು ಆ ಅರಮನೆಯನ್ನು ಕಟ್ಟಿಸಿದ ಎರಡನೇ ಲುಡ್ವಿಗ್ ದೊರೆಯ ಹಂಸಪ್ರೇಮದ ನೆನಪೆಂದು ಲೇಖಕರು ಬರೆದಿದ್ದಾರೆ. ಅಲ್ಲಿಗೆ ಹೋಗಿಬಂದ ಹಲವರು ಹೀಗೆಯೇ ನಂಬಿರುವುದರಿಂದ ಇದನ್ನು ತಿದ್ದುವುದು ಅಗತ್ಯವೆನಿಸಿತು.

ಕೆಂಪು ನೆಲದ ಮೇಲೆ ಬೆಳ್ಳಿಯ ಹಂಸ, ಇಷ್ಟೇ ಆ ಲಾಂಛನ. ಇದು ಮಧ್ಯಯುಗದಲ್ಲಿ ಆ ಸೀಮೆಯನ್ನು ಆಳಿದ ಶ್ವಾಂಗೌ ಮನೆತನದ ಗುರಾಣಿಯಿಂದ ಬಂದದ್ದು. ಜರ್ಮನ್ನರು ಹಂಸವನ್ನು ‘ಶ್ವಾನ್’ ಎನ್ನುತ್ತಾರೆ. ಹೆಸರನ್ನೇ ಚಿತ್ರವಾಗಿಸಿ ಗುರಾಣಿಯ ಮೇಲೆ ಬರೆಸಿಕೊಳ್ಳುವುದು ಆ ಕಾಲದ ಸಾಮಂತರಲ್ಲಿ ರೂಢಿಯಾಗಿತ್ತು. 13ನೇ ಶತಮಾನದಲ್ಲಿ ಬಾಳಿದ ಇದೇ ಮನೆತನದ ಹಿಲ್ಟ್‌ಬೋಲ್ಟ್ ಪ್ರೇಮಗೀತೆಗಳನ್ನು ರಚಿಸಿದ ಕವಿ. 14ನೇ ಶತಮಾನದ ಆರಂಭದಲ್ಲಿ ಜ್ಯೂರಿಕ್‌ನಲ್ಲಿ ಸಿದ್ಧವಾಗಿ ಈಗ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ, ಇಂತಹ ಗೀತೆಗಳ ಸಚಿತ್ರ ಸಂಕಲನವಾದ ಮಾನೆಸ್ಸೆ ಹಸ್ತಪ್ರತಿಯಲ್ಲಿ ಅವನ ವರ್ಣಚಿತ್ರವಿದೆ: ಇಬ್ಬರು ಸ್ತ್ರೀಯರ ನಡುವೆ ಕವಚಧಾರಿಯಾಗಿ ನಿಂತ ಅವನ ಗುರಾಣಿಯ ಮೇಲೆ ಹಂಸವನ್ನು ಸ್ಪಷ್ಟವಾಗಿ ಕಾಣಬಹುದು. ಲುಡ್ವಿಗ್ ಹುಟ್ಟಿದ್ದು 1845ರಲ್ಲಿ. ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಆ ಮನೆತನ 16ನೇ ಶತಮಾನದಲ್ಲಿ ಅಳಿದು, ಅದರ ಕೋಟೆಗಳು ಹಾಳುಬಿದ್ದವು. 1832ರಲ್ಲಿ ಬವೇರಿಯಾದ ಯುವರಾಜನಾಗಿದ್ದ ಮ್ಯಾಕ್ಸಿಮಿಲಿಯನ್ ಅವುಗಳಲ್ಲೊಂದನ್ನು ಕೊಂಡು, ಹೊಹೆನ್‌ಶ್ವಾಂಗೌ ಎಂಬ ಹೆಸರಿನಲ್ಲಿ ಮತ್ತೆ ಕಟ್ಟಿಸಿ, ಅದರ ಗೋಡೆಗಳ ಮೇಲೆ, ಹಂಸ ಎಳೆಯುವ ದೋಣಿಯಲ್ಲಿ ಬರುವ ಹಂಸವೀರನ ಐತಿಹ್ಯವನ್ನು ಚಿತ್ರಗಳಾಗಿ ಬರೆಸಿದನು. ಅವನ ಮಗ ಲುಡ್ವಿಗ್ ಬಾಲ್ಯದ ಬಹುಕಾಲವನ್ನು ಆ ಚಿತ್ರಗಳ ನಡುವೆ ಕಳೆದು, ಮುಂದೆ ಅದೇ ಹಂಸವೀರನ ಕಥೆಯುಳ್ಳ, ಸಂಗೀತಕಾರ ವಾಗ್ನರ್‌ನ ‘ಲೋಹೆನ್‌ಗ್ರಿನ್’ ಸಂಗೀತನಾಟಕಕ್ಕೆ ಮಾರುಹೋಗಿ, 1869ರಲ್ಲಿ ಎದುರಿನ ಬೆಟ್ಟದ ಮೇಲೆ ತನ್ನ ಅರಮನೆಗೆ ಅಡಿಗಲ್ಲು ಹಾಕಿಸಿದನು. ಹೀಗೆ ದೊರೆಯೇ ಆ ಊರಿನಿಂದ ಹಂಸವನ್ನು ಪಡೆದನೆಂದು ಹೇಳುವುದು ಸತ್ಯಕ್ಕೆ ಹತ್ತಿರ.

ಬಿಳುಪು ಪಾವಿತ್ರ್ಯವನ್ನೂ ಕೆಂಪು ತ್ಯಾಗವನ್ನೂ ಸೂಚಿಸುತ್ತವೆ ಎಂಬ ಲೇಖನದ ವಿವರಣೆಯನ್ನೂ ಒಪ್ಪಲಾಗದು. ಬಣ್ಣಗಳಿಗೆ ಇಂತಹ ಗುಣಗಳನ್ನು ಹಚ್ಚಿದವರು ಬಹುಮಟ್ಟಿಗೆ ನಂತರದ ಕಾಲದ ಬರಹಗಾರರು. ಲಾಂಛನಶಾಸ್ತ್ರದಲ್ಲಿ ಚಿನ್ನ ಮತ್ತು ಬೆಳ್ಳಿ ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು ಬಣ್ಣಗಳು. ಲೋಹದ ಮೇಲೆ ಲೋಹವನ್ನಾಗಲಿ ಬಣ್ಣದ ಮೇಲೆ ಬಣ್ಣವನ್ನಾಗಲಿ ಇಡಬಾರದೆಂಬುದು ನಿಯಮ, ಏಕೆಂದರೆ ಗುರಾಣಿ ದೂರದಿಂದಲೇ ಗುರುತು ಸಿಗಬೇಕು. ಬೆಳ್ಳಿಯನ್ನು ಸಾಮಾನ್ಯವಾಗಿ ಬಿಳಿಯಾಗಿ ತೋರಿಸುವುದರಿಂದ ಶ್ವಾಂಗೌ ಹಂಸ ಬಿಳಿಯಾಗಿ ಕಾಣುತ್ತದೆ, ಅಷ್ಟೆ. ಒಂದು ಹಳ್ಳಿ ಇಷ್ಟು ಹಳೆಯ ಗುರುತನ್ನು ಇಂದಿಗೂ ತನ್ನದಾಗಿ ಇಟ್ಟುಕೊಂಡಿರುವಾಗ, ಅದರ ಶ್ರೇಯಸ್ಸು ಆರು ಶತಮಾನಗಳ ನಂತರ ಬಂದ ದೊರೆಗೆ ಸಲ್ಲುವುದು ನ್ಯಾಯವಲ್ಲ.

ಮುಂದಿನ ಪುರವಣಿಯಲ್ಲಿ ಈ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ