ಫೋಟೊ ತಿದ್ದಿದ್ದರೆ ಹಾಗಂತ ಬರೆಯಿರಿ

ಮಾನ್ಯ ಸಂಪಾದಕರೇ,

ಹಬ್ಬ ಹತ್ತಿರ ಬಂತೆಂದರೆ ಪತ್ರಿಕೆಗಳ ತುಂಬಾ ಬಟ್ಟೆ ಅಂಗಡಿ ಜಾಹೀರಾತು. ಅದರಲ್ಲಿರುವ ಹುಡುಗಿಯರನ್ನು ಒಮ್ಮೆ ಸರಿಯಾಗಿ ನೋಡಿ. ಎದೆಯ ಮೇಲಿನ ಮೂಳೆ ಎದ್ದು ಕಾಣುತ್ತದೆ, ತೋಳು ಕಡ್ಡಿ ಹಾಗಿರುತ್ತದೆ.

ನಾನು ಹಾಸನದಲ್ಲಿ ಬಟ್ಟೆ ಹೊಲಿಯುವವಳು. ಕಾಲೇಜು ಹುಡುಗಿಯರು ಇಂಥದ್ದೇ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿ ‘ಅಕ್ಕಾ, ಫಿಟಿಂಗ್ ಹೀಗೇ ಕೂರಬೇಕು’ ಅನ್ನುತ್ತಾರೆ. ಸೊಂಟಕ್ಕೆ ಟೇಪು ಸುತ್ತಿದ ತಕ್ಷಣ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಉಸಿರು ಬಿಡಮ್ಮಾ ಅಂದರೆ ಒಬ್ಬಳು, ‘ಬೇಡ ಅಕ್ಕಾ, ಇದೇ ಅಳತೆ ಬರ್ಕೊಳ್ಳಿ, ಅಣ್ಣನ ಮದುವೆ ಹೊತ್ತಿಗೆ ಸಣ್ಣ ಆಗಿರ್ತೀನಿ’ ಅಂದಳು. ವಿಚಾರಿಸಿದರೆ ರಾತ್ರಿ ಊಟ ಬಿಟ್ಟಿದ್ದಾಳಂತೆ, ಮುದ್ದೆ, ಅನ್ನ ಎರಡೂ ಮುಟ್ಟುವುದಿಲ್ಲವಂತೆ. ಅವಳೇನು ದಪ್ಪ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹೆಂಗಸರಿಗೆ ರಕ್ತ ಕಡಿಮೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ, ಅಂಥದ್ದರಲ್ಲಿ ಇರುವ ಊಟವನ್ನೂ ಬಿಟ್ಟರೆ ಈ ಮಕ್ಕಳ ಗತಿ ಏನು?

ಫೋಟೊದಲ್ಲಿ ಬಟ್ಟೆ ಹಾಗೆ ಕೂರುವುದು ಹೇಗೆ ಅಂತ ಹೊಲಿಯುವವರಿಗೆ ಗೊತ್ತು. ಸಡಿಲ ಇದ್ದರೆ ಬೆನ್ನ ಹಿಂದೆ ಕ್ಲಿಪ್ಪು, ಪಿನ್ನು ಹಾಕಿ ಬಿಗಿ ಮಾಡುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಸೊಂಟ ಇನ್ನೂ ಸಣ್ಣ ಮಾಡುತ್ತಾರೆ. ಯಾರಿಗೂ ಇಲ್ಲದ ಮೈ ನೋಡಿ ಇವರು ಉಪವಾಸ ಬೀಳುತ್ತಿದ್ದಾರೆ.

ಆ ಮಾಡೆಲ್‌ಗಳ ಪಾಡೂ ಸುಖದ್ದಲ್ಲ. 2006ರ ಆಗಸ್ಟ್‌ನಲ್ಲಿ ಉರುಗ್ವೆಯ ಲೂಯಿಸೆಲ್ ರಾಮೋಸ್ ಎಂಬ 22 ವರ್ಷದ ಹುಡುಗಿ ಫ್ಯಾಷನ್ ಶೋ ನಡೆಯುವಾಗಲೇ ಕುಸಿದು ತೀರಿಕೊಂಡಳು. ಮುಂದಿನ ತಿಂಗಳೇ ಮ್ಯಾಡ್ರಿಡ್ ಶೋದವರು ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ) 18ಕ್ಕಿಂತ ಕಡಿಮೆ ಇದ್ದವರನ್ನು ವೇದಿಕೆ ಹತ್ತಿಸಲಿಲ್ಲ. ನವೆಂಬರ್‌ನಲ್ಲಿ ಬ್ರೆಜಿಲಿನ ಅನಾ ಕರೋಲಿನಾ ರೆಸ್ಟನ್, ಬರೀ 21 ವರ್ಷ, ಊಟ ಬಿಡುವ ಅನೊರೆಕ್ಸಿಯಾ ಕಾಯಿಲೆಗೆ ಬಲಿಯಾದಳು. ಫ್ರಾನ್ಸ್‌ನಲ್ಲಿ 2017ರಿಂದ ಮಾಡೆಲ್‌ಗಳಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಮೈ ಸಣ್ಣಗೋ ದಪ್ಪಗೋ ಕಾಣುವಂತೆ ತಿದ್ದಿದ ಜಾಹೀರಾತಿನ ಮೇಲೆ ‘ತಿದ್ದಿದ ಫೋಟೊ’ ಅಂತ ಬರೆಯಲೇಬೇಕು.

ನಮ್ಮಲ್ಲಿ ಕಾನೂನು ಬರುವ ತನಕ ಸುಮ್ನೆ ಕಾಯಬೇಕಾ? ಜಾಹೀರಾತು ತೆಗೆದುಕೊಳ್ಳುವಾಗಲೇ ನೀವು ಆ ಒಂದು ಸಾಲು ಕೇಳಬಹುದು ಅಲ್ವಾ? ಇಲ್ಲಿನ ಬಟ್ಟೆ ಅಂಗಡಿಯವರಿಗೂ ಒಂದು ಮಾತು. ನಿಮ್ಮಲ್ಲಿ ಎಕ್ಸೆಲ್, ಡಬಲ್ ಎಕ್ಸೆಲ್ ಜಾಸ್ತಿ ಖರ್ಚಾಗುತ್ತದೆ, ಆ ಅಳತೆಯ ನಮ್ಮೂರ ಹೆಣ್ಣುಮಕ್ಕಳದ್ದೇ ಫೋಟೊ ತೆಗೆಸಿ ಈ ದೀಪಾವಳಿಗೆ ಬೋರ್ಡ್ ಹಾಕಿ.

– ಒಬ್ಬ ಟೈಲರ್, ಹಾಸನ