ಸಂಸತ್ತಿನ ಮತವಿಲ್ಲದೆ ಯಾವ ಸೇನಾ ಮೈತ್ರಿಗೂ ಸಹಿ ಬೇಡ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ,

ಗದಗದ ಮತದಾರನೊಬ್ಬನ ನಮಸ್ಕಾರಗಳು.

ಭಾರತವು ಯಾವುದೇ ಸೇನಾ ಮೈತ್ರಿಕೂಟವನ್ನು ಸೇರಬಾರದು, ಇನ್ನೊಂದು ದೇಶದ ಮೇಲೆ ಬಿದ್ದ ದಾಳಿಯನ್ನು ತನ್ನ ಮೇಲಿನ ದಾಳಿಯೆಂದು ಒಪ್ಪಿಕೊಳ್ಳುವ ಕರಾರಿಗೆ ಸಹಿ ಹಾಕಬಾರದು, ಅಂಥ ಕರಡು ಎಂದಾದರೂ ಸಿದ್ಧವಾದರೆ ಅದು ಸಹಿಗೆ ಮೊದಲೇ ಸಂಸತ್ತಿನಲ್ಲಿ ಚರ್ಚೆಯಾಗಿ ಮತಕ್ಕೆ ಬರಬೇಕು. ಇದನ್ನು ತಾವು ಸದನದಲ್ಲಿ ಎದ್ದು ನಿಂತು ಹೇಳಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ. ತಮಗಿಂತ ಹಿಂದಿನವರಿಗೂ ಇದನ್ನೇ ಬರೆದಿದ್ದೆ. ಉತ್ತರ ಬರಲಿಲ್ಲ. ಅಂಚೆಗೆ ಹಾಕಿದ ಕಾಗದಕ್ಕೆ ಬಾರದ ಉತ್ತರ ನಾಲ್ಕು ಜನರ ಎದುರು ಕೇಳಿದರಾದರೂ ಬಂದೀತೆಂದು ಈಗ ಬಹಿರಂಗವಾಗಿ ಬರೆಯುತ್ತಿದ್ದೇನೆ.

2025ರ ಸೆಪ್ಟೆಂಬರ್‌ನಲ್ಲಿ ಸೌದಿ ಅರೇಬಿಯಾ ಮತ್ತು ಪಾಕಿಸ್ತಾನ ಪರಸ್ಪರ ರಕ್ಷಣಾ ಒಪ್ಪಂದ ಮಾಡಿಕೊಂಡು, ಒಬ್ಬರ ಮೇಲಿನ ಆಕ್ರಮಣ ಇಬ್ಬರ ಮೇಲಿನ ಆಕ್ರಮಣವೆಂದು ಸಾರಿದ ಮೇಲೆ, ನಮಗೂ ಅಂಥದ್ದೊಂದು ಬೇಕೆಂಬ ಮಾತು ಟಿವಿಯಲ್ಲಿ, ಸಭೆಗಳಲ್ಲಿ, ಕೊನೆಗೆ ನಮ್ಮ ಓಣಿಯ ಚಹಾದಂಗಡಿಯಲ್ಲಿಯೂ ಕೇಳಿಬರುತ್ತಿದೆ. ಯಾವ ಬಣಕ್ಕೂ ಸೇರದ ಅಲಿಪ್ತ ನೀತಿ ಹಳತಾಯಿತು, ಫಿನ್ಲೆಂಡ್ ಮತ್ತು ಸ್ವೀಡನ್‌ನಂಥ ದೇಶಗಳೇ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಮೈತ್ರಿಕೂಟವಾದ ನ್ಯಾಟೊ ಸೇರಿದವು, ನಮಗೇನು ಅಡ್ಡಿ ಎಂದು ಕೇಳುತ್ತಾರೆ. ಹೀಗೆ ಕೇಳುವವರ ಮನೆಯಲ್ಲಿ ಒಪ್ಪಂದವೊಂದರ ಬೆಲೆ ತೆತ್ತವರು ಯಾರೂ ಇರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಇದ್ದರು.

ನನ್ನ ಅಣ್ಣ ಬೆಳಗಾವಿಯಲ್ಲಿ ಭರ್ತಿಯಾಗಿ ಸೇನೆ ಸೇರಿದವನು. 1987ರ ಜುಲೈ 29ರಂದು ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದ ಬೆನ್ನಿಗೇ ನಮ್ಮ ಶಾಂತಿಪಾಲನಾ ಪಡೆ ಜಾಫ್ನಾದಲ್ಲಿ ಇಳಿಯತೊಡಗಿತು. ಸಹಿಗೆ ಮೊದಲು ಆ ಒಪ್ಪಂದ ಸಂಸತ್ತಿನ ಮತಕ್ಕೆ ಬಂದಿರಲಿಲ್ಲ. ಶಾಂತಿ ಕಾಯಲು ಹೋದವರು ಅಕ್ಟೋಬರ್ ಹೊತ್ತಿಗೆ, ಯಾರಿಂದ ಶಸ್ತ್ರ ಕೆಳಗಿಡಿಸಬೇಕಿತ್ತೋ ಆ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆಗೇ ಹೋರಾಟಕ್ಕೆ ಇಳಿಯಬೇಕಾಯಿತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮರಳುವಷ್ಟರಲ್ಲಿ ಸುಮಾರು 1,200 ಸೈನಿಕರು ಪ್ರಾಣ ಕಳೆದುಕೊಂಡಿದ್ದರು. ಅಣ್ಣ ಜೀವಸಹಿತ ಬಂದ. ಎಡಗಾಲು ಮೊಣಕಾಲಿನ ಕೆಳಗೆ ನೆಲಬಾಂಬಿಗೆ ಹೋಗಿತ್ತು.

ಪುಣೆಯಲ್ಲಿ ಹಾಕಿಸಿಕೊಂಡು ಬಂದ ಕೃತಕ ಕಾಲು ಡಾಂಬರು ರಸ್ತೆಗೆ ಆಗಿಬರುತ್ತಿತ್ತು, ನಮ್ಮ ಎರೆ ಹೊಲಕ್ಕೆ ಆಗಿಬರುತ್ತಿರಲಿಲ್ಲ. ಮಳೆ ಬಿದ್ದ ಮರುದಿನ ಹೊಲಕ್ಕಿಳಿದರೆ ಹಸಿ ಎರೆಮಣ್ಣು ಪಾದಕ್ಕೆ ಮುದ್ದೆಮುದ್ದೆಯಾಗಿ ಮೆತ್ತಿಕೊಂಡು, ಅದನ್ನು ಎತ್ತಿಡುವಷ್ಟರಲ್ಲಿ ಚರ್ಮದ ಪಟ್ಟಿ ಸಡಿಲಾಗಿ, ಕಾಲು ಮಣ್ಣಿನಲ್ಲೇ ಉಳಿದುಬಿಡುತ್ತಿತ್ತು. ಅಣ್ಣ ಬದುವಿನ ಮೇಲೆ ಕುಳಿತು, ಯಾರಾದರೂ ಅದನ್ನು ಕಿತ್ತು ತಂದುಕೊಡಲೆಂದು ಕಾಯುತ್ತಿದ್ದ. ಬೇಸಿಗೆಯಲ್ಲಿ ಬೆವರಿಗೆ ಮೊಂಡುಗಾಲು ಹುಣ್ಣಾದಾಗ ಅವ್ವ ಅಪ್ಪನ ಹಳೆಯ ಧೋತರ ಹರಿದು ಸುತ್ತುತ್ತಿದ್ದಳು. ಹೆಸರು, ಶೇಂಗಾ, ಬಿಳಿಜೋಳ ಬೆಳೆಯುತ್ತಿದ್ದ ಹೊಲವನ್ನು ಕಡೆಗೆ ಲಾವಣಿಗೆ ಹಾಕಿದೆವು.

ಒಮ್ಮೆ ಮಾಜಿ ಸೈನಿಕರ ಸೌಲಭ್ಯವೊಂದಕ್ಕಾಗಿ ಅಣ್ಣನನ್ನು ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಅರ್ಜಿ ನೋಡಿದ ಗುಮಾಸ್ತರು, “ಶ್ರೀಲಂಕಾದ್ದು ಯುದ್ಧಾನ ಅಲ್ಲರೀ. ನೀವು ಅಲ್ಲಿ ಶಾಂತಿ ಕಾಯಾಕ ಹೋಗಿದ್ರಿ. ಇದು ಯುದ್ಧದಾಗ ಕೈಕಾಲು ಹೋದವರಿಗೆ ಅಷ್ಟ” ಎಂದು ಕಾಗದವನ್ನು ನಮ್ಮತ್ತ ತಳ್ಳಿದರು. ಅಣ್ಣ ಪ್ಯಾಂಟು ಮೇಲೆತ್ತಿ ಕಾಲು ತೋರಿಸಿದ. “ಅದನ್ನ ನನಗ ತೋರಿಸಿ ಏನ್ ಮಾಡ್ತೀರಿ, ಸರ್ಟಿಫಿಕೇಟ್ ತೋರಸ್ರಿ” ಎಂಬ ಉತ್ತರ ಬಂತು. ಸಾಲಿನಲ್ಲಿ ನಿಂತವರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಅಂದು ರಾತ್ರಿ ಅಣ್ಣ ಊಟಕ್ಕೆ ಏಳಲಿಲ್ಲ. ಆಮೇಲೆ ಆ ಕಚೇರಿಯ ಮೆಟ್ಟಿಲನ್ನು ಮತ್ತೆ ತುಳಿಯಲೂ ಇಲ್ಲ. ಅವನು ಈಗಿಲ್ಲ.

ಆ ಗುಮಾಸ್ತರ ಮೇಲಿನ ಸಿಟ್ಟು ನನಗೆ ಇಂದಿಗೂ ಆರಿಲ್ಲ. ಆದರೆ ಆ ಮಾತಿಗೆ ದಾರಿ ಮಾಡಿಕೊಟ್ಟವರು ಅವರಲ್ಲ. ಸಹಿ ಹಾಕುವ ದಿನ ಅದನ್ನು ಯುದ್ಧವೆಂದು ಯಾರೂ ಕರೆಯಲಿಲ್ಲ, ಯುದ್ಧವಾದರೆ ಏನು ಗತಿಯೆಂದು ಜನರ ಪ್ರತಿನಿಧಿಗಳನ್ನು ಯಾರೂ ಕೇಳಲಿಲ್ಲ. ಅದು ಸೇನಾ ಮೈತ್ರಿಯಾಗಿರಲಿಲ್ಲ ಎಂದು ತಾವು ಹೇಳಬಹುದು, ಅದು ನಿಜ. ಒಂದೇ ಒಂದು ನೆರೆಯ ದೇಶದೊಂದಿಗೆ, ಶಾಂತಿಯ ಹೆಸರಿನಲ್ಲಿ ಮಾಡಿಕೊಂಡ ಒಪ್ಪಂದವೇ ಇಷ್ಟು ತಂದಿತೆಂದರೆ, ಯುದ್ಧಕ್ಕೆಂದೇ ಬರೆದುಕೊಡುವ ಕರಾರು ಏನೆಲ್ಲ ತರಬಹುದೆಂದು ನಾನು ಕೇಳುತ್ತಿದ್ದೇನೆ.

ಸಂವಿಧಾನ ತಮಗೆ ಗೊತ್ತಿದೆ. ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 14ನೆಯ ನಮೂದು ವಿದೇಶಗಳೊಂದಿಗಿನ ಒಪ್ಪಂದಗಳನ್ನೂ 15ನೆಯದು ಯುದ್ಧ ಮತ್ತು ಶಾಂತಿಯನ್ನೂ ಸಂಸತ್ತಿನ ಶಾಸನಾಧಿಕಾರದೊಳಗೆ ಇರಿಸಿವೆ. ಒಪ್ಪಂದಗಳಿಗೆ ಸದನದ ಒಪ್ಪಿಗೆ ಕಡ್ಡಾಯವೆನ್ನುವ ಶಾಸನವನ್ನು ಸಂಸತ್ತು ಇಂದಿಗೂ ಮಾಡದೆ ಇರುವುದರಿಂದ 73ನೆಯ ವಿಧಿಯ ಬಲದಿಂದ ಸರ್ಕಾರ ತಾನೇ ಸಹಿ ಹಾಕುತ್ತದೆ. ಅಮೆರಿಕದೊಂದಿಗೆ 2016ರಲ್ಲಿ ಲೆಮೋವಾ, 2018ರಲ್ಲಿ ಕಾಮ್‌ಕಾಸಾ, 2020ರಲ್ಲಿ ಬೆಕಾ ಆದದ್ದೂ ಹೀಗೆಯೇ. ಇಂಧನ ತುಂಬಿಸಿಕೊಳ್ಳುವುದು, ಸುರಕ್ಷಿತ ಸಂಪರ್ಕ, ನಕ್ಷೆಗಳ ಹಂಚಿಕೆಗೆ ಸಂಬಂಧಿಸಿದ ಈ ಒಪ್ಪಂದಗಳು ನಮ್ಮನ್ನು ಯಾರ ಯುದ್ಧಕ್ಕೂ ಕಟ್ಟಿಹಾಕುವುದಿಲ್ಲವೆಂದು ಬಲ್ಲೆ, ಅವನ್ನು ವಿರೋಧಿಸುತ್ತಲೂ ಇಲ್ಲ. ಆದರೆ ಇವು ಆದ ದಾರಿಯಲ್ಲೇ ನಾಳೆ ಮೈತ್ರಿಯ ಕರಾರೂ ಆಗಿಹೋಗಬಹುದು. ಆಗ ತಡೆಯಲು ತಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಫಿನ್ಲೆಂಡಿನ ಉದಾಹರಣೆ ಕೊಡುವವರು ಅದನ್ನು ಪೂರ್ತಿಯಾಗಿ ಕೊಡಲಿ. 2023ರ ಮಾರ್ಚ್ 1ರಂದು ಅಲ್ಲಿನ ಸಂಸತ್ತು 184ಕ್ಕೆ 7 ಮತಗಳಿಂದ ಒಪ್ಪಿದ ಮೇಲೆಯೇ ಆ ದೇಶ ಏಪ್ರಿಲ್ 4ರಂದು ನ್ಯಾಟೊ ಸೇರಿತು. ಸ್ವೀಡನ್ನಿನ ಅರ್ಜಿ ಟರ್ಕಿ ಮತ್ತು ಹಂಗೇರಿಯ ಸಂಸತ್ತುಗಳ ಒಪ್ಪಿಗೆಗೆ ಕಾದು ಕಾದು 2024ರ ಮಾರ್ಚ್‌ಗೆ ಮುಟ್ಟಿತು. ಸ್ವಿಟ್ಜರ್ಲೆಂಡ್ ಸಾಮೂಹಿಕ ಭದ್ರತೆಯ ಸಂಘಟನೆಯೊಂದನ್ನು ಸೇರಬೇಕಾದರೆ ಜನಮತಗಣನೆಯೇ ಆಗಬೇಕೆಂದು ಅಲ್ಲಿನ ಸಂವಿಧಾನ ಹೇಳುತ್ತದೆ. ರಷ್ಯಾದೊಂದಿಗೆ ಸುಮಾರು 1,340 ಕಿಲೋಮೀಟರ್ ಗಡಿ ಇರುವ, ಒಂದು ಕೋಟಿ ಜನಸಂಖ್ಯೆಯೂ ಇಲ್ಲದ ಫಿನ್ಲೆಂಡ್ ತನ್ನ ಅಂಜಿಕೆಗೆ ತಕ್ಕ ತೀರ್ಮಾನ ಮಾಡಿತು, ಅದು ಅವರ ಹಕ್ಕು. ಅವರು ಕೇಳಿ ಮಾಡಿದರು. ನಮ್ಮನ್ನೂ ಕೇಳಿರೆಂದಷ್ಟೇ ನಾನು ಹೇಳುವುದು.

ಚೀನಾದ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ 20 ಸೈನಿಕರನ್ನು ಕಳೆದುಕೊಂಡ ದೇಶ ಹಾಗೆ ಹೇಳಲಾಗದು. ಆದರೆ 1962ರ ನವೆಂಬರ್‌ನಲ್ಲಿ ಚೀನಾ ಯುದ್ಧದ ನಡುವೆ ನೆಹರೂ ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಪತ್ರ ಬರೆದು ವಿಮಾನಬಲದ ನೆರವು ಕೇಳಿದ ಮೇಲೆ ಏನಾಯಿತೆಂಬುದನ್ನೂ ನೆನೆಯಬೇಕು. ಶಸ್ತ್ರಾಸ್ತ್ರಗಳು ಬಂದವು, ಅವುಗಳ ಹಿಂದೆಯೇ ಕಾಶ್ಮೀರದ ಬಗ್ಗೆ ಪಾಕಿಸ್ತಾನದೊಂದಿಗೆ ಮಾತಿಗೆ ಕುಳಿತುಕೊಳ್ಳಬೇಕೆಂಬ ಒತ್ತಡವೂ ಬಂತು. ನಮ್ಮ ಸಚಿವ ಸ್ವರಣ್ ಸಿಂಗ್ ಮತ್ತು ಪಾಕಿಸ್ತಾನದ ಸಚಿವ ಭುಟ್ಟೊ ಆರು ಸುತ್ತು ಮಾತಾಡಿದರು. ನೆರವಿಗೇ ಇಷ್ಟು ಬೆಲೆಯಿದ್ದರೆ ಮೈತ್ರಿಗೆ ಎಷ್ಟಿರಬಹುದು? ಮೈತ್ರಿ ಕಟ್ಟಿಕೊಂಡ ಪಾಕಿಸ್ತಾನಕ್ಕಾದರೂ ಏನು ಸಿಕ್ಕಿತು? 1954ರಲ್ಲಿ ಸೀಟೊ, ಮರುವರ್ಷ ಬಾಗ್ದಾದ್ ಒಪ್ಪಂದ ಹೀಗೆ ಅಮೆರಿಕ ಬೆಂಬಲಿಸಿದ ಸೇನಾ ಮೈತ್ರಿಗಳೆರಡನ್ನೂ ಸೇರಿದ ಆ ದೇಶಕ್ಕೆ 1965ರಲ್ಲಿ ಅಮೆರಿಕವೇ ಶಸ್ತ್ರ ಪೂರೈಕೆ ನಿಲ್ಲಿಸಿತು, 1971ರಲ್ಲಿ ಅದರ ಅರ್ಧ ದೇಶ ಹೋಗುವಾಗ ಯಾವ ಮಿತ್ರಕೂಟವೂ ಯುದ್ಧಕ್ಕೆ ಇಳಿಯಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಇಂದಿರಾ ಗಾಂಧಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದ ಮಾಡಿಕೊಳ್ಳಲಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡಿಕೊಂಡರು. ದಾಳಿಯಾದರೆ ಇಬ್ಬರೂ ಕೂಡಲೇ ಸಮಾಲೋಚಿಸಬೇಕೆಂದು ಅದರಲ್ಲಿತ್ತು, ಒಬ್ಬರ ಯುದ್ಧಕ್ಕೆ ಇನ್ನೊಬ್ಬರು ತಾನೇತಾನಾಗಿ ಇಳಿಯಬೇಕೆಂದು ಇರಲಿಲ್ಲ. ಭಾರತದ ಅಲಿಪ್ತ ನೀತಿಯನ್ನು ಗೌರವಿಸುತ್ತೇವೆಂದು ಸೋವಿಯತ್ತರು ಅದರಲ್ಲೇ ಬರೆದುಕೊಟ್ಟಿದ್ದರು.

ಇನ್ನು ಇಂದಿನ ಮಿತ್ರರ ಮಾತು. ರಷ್ಯಾದಿಂದ ತೈಲ ಕೊಂಡೆವೆಂದು 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಇಂಥವರ ಯುದ್ಧಕ್ಕೆ ನಾವು ಮುಂಚಿತವಾಗಿ ಒಪ್ಪಿಗೆ ಬರೆದುಕೊಡಬೇಕೇ? 1905ರಷ್ಟು ಹಿಂದೆಯೇ ಸಹಕಾರಿ ಸಂಘ ಕಟ್ಟಿದ ಕಣಗಿನಹಾಳ ಇರುವ ತಾಲ್ಲೂಕಿನವರು ನಾವು. ಬೇರೆಯವರ ಸಾಲಕ್ಕೆ ಜಾಮೀನು ಹಾಕಿದವನು, ಆ ಸಾಲದಿಂದ ಒಂದು ರೂಪಾಯಿ ಮುಟ್ಟದಿದ್ದರೂ, ತನ್ನ ಹೊಲದ ಪಹಣಿಯ ಮೇಲೆ ಬೋಜಾ ಕೂರಿಸಿಕೊಳ್ಳುತ್ತಾನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಯಾರ ಪಾಳೆಯದಲ್ಲೂ ಇಲ್ಲದಿರುವುದರ ಪ್ರಯೋಜನವನ್ನು ನಮ್ಮ ಭಾಗದ ಮನೆಗಳೇ ಕಂಡಿವೆ. 2022ರಲ್ಲಿ ಉಕ್ರೇನಿನಿಂದ 22 ಸಾವಿರಕ್ಕೂ ಹೆಚ್ಚು ಭಾರತೀಯರು ಮರಳಿ ಬಂದರು. ಮಾಸ್ಕೋ ಮತ್ತು ಕೀವ್ ಎರಡರ ಜೊತೆಗೂ ಫೋನಿನಲ್ಲಿ ಮಾತಾಡಬಲ್ಲ ಸರ್ಕಾರ ನಮಗಿತ್ತು, ಸುಮಿಯಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿಗಳು ಕೊನೆಗೂ ಹೊರಬಂದರು. ಅಷ್ಟಾಗಿಯೂ ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಆ ಯುದ್ಧದಲ್ಲಿ ನಾವೂ ಒಂದು ಪಕ್ಷವಾಗಿದ್ದರೆ ಉಳಿದವರ ಪಾಡೇನಾಗುತ್ತಿತ್ತೆಂದು ಅವರ ತಂದೆತಾಯಿಯರನ್ನು ತಾವು ಒಮ್ಮೆ ಕೇಳಿ ನೋಡಬೇಕು.

ಈಗಲೂ ನಸುಕಿನಲ್ಲಿ ಗದಗದ ಮೈದಾನಕ್ಕೆ ಹೋದರೆ ಅಗ್ನಿವೀರರಾಗಬೇಕೆಂದು 1,600 ಮೀಟರ್ ಓಟಕ್ಕೆ ತಯಾರಿ ನಡೆಸುವ ಹುಡುಗರು ಕಾಣುತ್ತಾರೆ. ಬರಿಗಾಲಲ್ಲಿ ಓಡುವವರೂ ಇದ್ದಾರೆ. ಗೆಳೆಯನ ಮೊಬೈಲ್‌ನಲ್ಲಿ ಸಮಯ ನೋಡಿಕೊಂಡು, ಐದಾರು ಸೆಕೆಂಡು ತಡವಾಯಿತೆಂದು ಮತ್ತೆ ಓಡುತ್ತಾರೆ. ಈ ದೇಶದ ಗಡಿ ಕಾಯಲು ಅವರು ಸಿದ್ಧರಿದ್ದಾರೆ. ಇನ್ನೊಂದು ಖಂಡದ ಗಡಿಗೆ ಅವರನ್ನು ಕಳಿಸುವ ಕಾಗದಕ್ಕೆ, ಅವರ ತಂದೆತಾಯಿಯರ ಓಟು ಪಡೆದ ತಮ್ಮನ್ನೂ ಕೇಳದೆ, ಯಾರೋ ಸಹಿ ಹಾಕಬಹುದು ಎನ್ನುವುದನ್ನು ತಾವು ಹೇಗೆ ಸಹಿಸಿಕೊಂಡಿದ್ದೀರಿ? ನಾಲಾ, ರಸ್ತೆ, ರೈಲು ನಿಲುಗಡೆಗಳ ಬಗ್ಗೆ ತಾವು ಮಾತಾಡುವುದು ಬೇಡವೆನ್ನುವುದಿಲ್ಲ. ಆದರೆ ರಸ್ತೆಗೆ ಶಾಸಕರಿದ್ದಾರೆ, ಪಂಚಾಯಿತಿಯಿದೆ. ಯುದ್ಧ ಮತ್ತು ಶಾಂತಿಯ ಬಗ್ಗೆ ನಮ್ಮ ಪರವಾಗಿ ಕೇಳುವವರು ತಮ್ಮ ಹೊರತು ಬೇರೆ ಯಾರೂ ಇಲ್ಲ.

ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ: ಯಾವ ಸೇನಾ ಮೈತ್ರಿಯೂ ಬೇಡ, ಸಂಸತ್ತಿನ ಮತವಿಲ್ಲದೆ ಅಂಥ ಯಾವ ಸಹಿಯೂ ಬೇಡ. ಲೋಕಸಭೆಯ ನಿಯಮ 193ರ ಕೆಳಗೆ ಚರ್ಚೆ ಕೇಳಿದರೆ ಮಾತಾಡಿ ಎದ್ದುಹೋಗುವುದಾಗುತ್ತದೆ, ಮತ ಇರುವುದಿಲ್ಲ. ಮತಕ್ಕೆ ಅವಕಾಶವಿರುವ ನಿಯಮ 184ರ ಕೆಳಗೆ ಸೂಚನೆ ಕೊಡಿ. ಪರಸ್ಪರ ರಕ್ಷಣೆಯ ಕರಾರುಗಳಿಗೆ ಉಭಯ ಸದನಗಳ ಪೂರ್ವಾನುಮತಿ ಕಡ್ಡಾಯವಾಗಬೇಕೆಂದು ಖಾಸಗಿ ಸದಸ್ಯರ ವಿಧೇಯಕವೊಂದನ್ನು ಮುಂದಿನ ಅಧಿವೇಶನದಲ್ಲಿಯೇ ಮಂಡಿಸಿ. ಪಕ್ಷ ಒಪ್ಪುವುದಿಲ್ಲವೆಂದಾದರೆ ಅದನ್ನಾದರೂ ನಮಗೆ ಬರೆದು ತಿಳಿಸಿ. ತಮ್ಮ ನಿಲುವು ಇದಕ್ಕೆ ವಿರುದ್ಧವಾಗಿದ್ದರೂ ಸರಿ, ಏಕೆ ವಿರುದ್ಧವೆಂದು ಮತದಾರರಿಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಅಧಿವೇಶನ ಮುಗಿಯುವವರೆಗೆ ಕಾಯುತ್ತೇನೆ. ಉತ್ತರ ಬಾರದಿದ್ದರೆ ಇದೇ ಪತ್ರವನ್ನು ಅಚ್ಚು ಹಾಕಿಸಿ, ಕ್ಷೇತ್ರದ ಮಾಜಿ ಸೈನಿಕರ ಮನೆಮನೆಗೂ ನಾನೇ ಹೋಗಿ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸೈನಿಕನೊಬ್ಬನ ತಮ್ಮ,
ಗದಗ