ಪಂದ್ಯದ ದಿನದ ಇಂಜೆಕ್ಷನ್‌ಗೆ ಕಡಿವಾಣ ಬೇಕು

ಸಂಪಾದಕರಿಗೆ,

ಮಾನ್ಯರೇ,

ಗಾಯಗೊಂಡ ಆಟಗಾರನೊಬ್ಬ ನೋವು ನಿವಾರಕ ಇಂಜೆಕ್ಷನ್ ತೆಗೆದುಕೊಂಡು ಕಣಕ್ಕಿಳಿದ ಸುದ್ದಿಯನ್ನು ನಮ್ಮ ಪತ್ರಿಕೆಗಳ ಕ್ರೀಡಾ ಪುಟಗಳು ಬಹುತೇಕ ಮೆಚ್ಚುಗೆಯ ಧಾಟಿಯಲ್ಲೇ ಪ್ರಕಟಿಸುತ್ತವೆ. ಆತನ ಛಲ, ತಂಡದ ಮೇಲಿನ ನಿಷ್ಠೆ, ಹೋರಾಟದ ಕೆಚ್ಚು ಎಲ್ಲವೂ ಶೀರ್ಷಿಕೆಗೆ ಬರುತ್ತವೆ. ಆದರೆ ಸೂಜಿ ಚುಚ್ಚಿದ್ದು ದೇಹದ ಯಾವ ಭಾಗಕ್ಕೆ, ಚುಚ್ಚಿದ ವೈದ್ಯರಿಗೆ ಸಂಬಳ ಕೊಡುವವರು ಯಾರು, ಚುಚ್ಚಬೇಕೆಂದು ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕಬಡ್ಡಿ ಮತ್ತು ಕ್ರಿಕೆಟ್ ಆಟಗಾರರ ಗಾಯಗಳನ್ನು ಹಲವು ವರ್ಷಗಳಿಂದ ನೋಡುತ್ತ ಬಂದಿರುವ ನನಗೆ, ಈ ಪ್ರಶ್ನೆಗಳಿಗೆ ಬಹಿರಂಗವಾಗಿ ಉತ್ತರ ಸಿಗುವ ವ್ಯವಸ್ಥೆ ಬರುವತನಕ ವೃತ್ತಿಪರ ಕ್ರೀಡೆಯಲ್ಲಿ ಪಂದ್ಯದ ದಿನ ಇಂತಹ ಇಂಜೆಕ್ಷನ್‌ಗೆ ಅವಕಾಶ ಇರಬಾರದು ಎಂಬುದು ಖಚಿತವಾಗಿದೆ.

ಇಲ್ಲಿ ಹಲವು ಬಗೆಯ ಔಷಧಗಳಿವೆ. ಲಿಗ್ನೋಕೇನ್, ಬುಪಿವಕೇನ್‌ನಂತಹ ಸ್ಥಳೀಯ ಅರಿವಳಿಕೆ ಮದ್ದುಗಳು ನರದಲ್ಲಿ ಸಂದೇಶ ಹರಿಯುವುದನ್ನೇ ತಡೆಯುತ್ತವೆ. ಮೊದಲನೆಯದರ ಪರಿಣಾಮ ಒಂದೆರಡು ಗಂಟೆ ಇದ್ದರೆ, ಎರಡನೆಯದರದು ಇನ್ನೂ ಹಲವು ಗಂಟೆ ಉಳಿಯುತ್ತದೆ. ಕೀಟೊರೊಲ್ಯಾಕ್‌ನಂತಹವು ಆ ಭಾಗವನ್ನು ಮರಗಟ್ಟಿಸದೆ ಉರಿಯೂತವನ್ನೂ ನೋವನ್ನೂ ತಗ್ಗಿಸುತ್ತವೆ, ಆದರೆ ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ, ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಸ್ಟೀರಾಯ್ಡ್ ಇಂಜೆಕ್ಷನ್ ಊತವನ್ನು ಇಳಿಸುತ್ತದೆ, ಆದರೆ ಅದನ್ನು ಸ್ನಾಯುರಜ್ಜುವಿನ ಒಳಗೆ ಅಥವಾ ತೀರಾ ಹತ್ತಿರ ಕೊಟ್ಟರೆ ಆ ರಜ್ಜು ಹರಿಯುವ ಸಾಧ್ಯತೆ ಇರುತ್ತದೆ. ನನ್ನ ಈ ಪತ್ರ ಮುಖ್ಯವಾಗಿ ಮೊದಲನೆಯ ಬಗೆಯದನ್ನು, ಅಂದರೆ ಗಾಯವಾದ ಜಾಗವನ್ನೇ ಜೋಮು ಹಿಡಿಸಿ ಆಟಗಾರನನ್ನು ಮೈದಾನಕ್ಕೆ ಕಳಿಸುವ ಪದ್ಧತಿಯನ್ನು ಕುರಿತದ್ದು.

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾ ಒಂದು ವಸ್ತುವನ್ನು ನಿಷೇಧಿತ ಪಟ್ಟಿಗೆ ಸೇರಿಸುವಾಗ ಮೂರು ಅಂಶಗಳನ್ನು ನೋಡುತ್ತದೆ: ಅದು ಆಟದ ಸಾಮರ್ಥ್ಯವನ್ನು ಹೆಚ್ಚಿಸುತ್ತದೆಯೇ, ಆರೋಗ್ಯಕ್ಕೆ ಅಪಾಯ ತರುತ್ತದೆಯೇ, ಕ್ರೀಡಾ ಮನೋಧರ್ಮಕ್ಕೆ ವಿರುದ್ಧವೇ. ಈ ಮೂರರಲ್ಲಿ ಎರಡು ಅನ್ವಯಿಸಿದರೂ ಸೇರಿಸಲು ಸಾಕು. ಇದೇ ಅಳತೆಗೋಲಿನಲ್ಲಿ 2022ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ಗ್ಲುಕೊಕಾರ್ಟಿಕಾಯ್ಡ್ ಸ್ಟೀರಾಯ್ಡ್‌ಗಳನ್ನು ಯಾವುದೇ ಬಗೆಯ ಇಂಜೆಕ್ಷನ್ ಮೂಲಕ ಪಡೆಯುವುದನ್ನು, 2024ರ ಜನವರಿ 1ರಿಂದ ಟ್ರಮಡಾಲ್ ಎಂಬ ನೋವು ನಿವಾರಕವನ್ನು ಅದು ನಿಷೇಧಿಸಿತು. ಸೈಕ್ಲಿಂಗ್ ಒಕ್ಕೂಟವಂತೂ ಟ್ರಮಡಾಲ್ ಅನ್ನು 2019ರಲ್ಲೇ ನಿಷೇಧಿಸಿತ್ತು. 2022ರ ಟೂರ್ ಡಿ ಫ್ರಾನ್ಸ್‌ನಲ್ಲಿ 6ನೇ ಸ್ಥಾನ ಪಡೆದಿದ್ದ ಕೊಲಂಬಿಯಾದ ನೈರೊ ಕಿಂಟಾನ ಇದೇ ಕಾರಣಕ್ಕೆ ಅನರ್ಹಗೊಂಡರು. ಇಷ್ಟೆಲ್ಲ ಇದ್ದೂ, ನೋವನ್ನು ಅತ್ಯಂತ ಪೂರ್ಣವಾಗಿ ಅಳಿಸಿಹಾಕುವ ಸ್ಥಳೀಯ ಅರಿವಳಿಕೆ ಮಾತ್ರ ಇಂದಿಗೂ ನಿಷೇಧಿತ ಪಟ್ಟಿಯ ಹೊರಗೇ ಉಳಿದಿದೆ. ಓಡಲಾಗದವನು ಓಡುವಂತಾದರೆ ಅದನ್ನು ಸಾಮರ್ಥ್ಯ ಹೆಚ್ಚಿಸಿದ್ದೆಂದು ಏಕೆ ಪರಿಗಣಿಸಬಾರದು ಎಂಬುದಕ್ಕೆ ನನಗೆ ತೃಪ್ತಿಕರವಾದ ವಿವರಣೆ ಇದುವರೆಗೆ ಕಂಡಿಲ್ಲ.

ಇದರಿಂದ ಹುಟ್ಟಿದ ಗೊಂದಲ ಎಲ್ಲರ ಕಣ್ಣಿಗೆ ಬಿದ್ದದ್ದು 2022ರ ಫ್ರೆಂಚ್ ಓಪನ್ ಟೆನಿಸ್‌ನಲ್ಲಿ. ಎಡಪಾದದ ಮೂಳೆಯ ದೀರ್ಘಕಾಲದ ಕಾಯಿಲೆಯಿಂದ ನರಳುತ್ತಿದ್ದ ರಫೇಲ್ ನಡಾಲ್, ಪಾದದ ನರಗಳಿಗೆ ಅರಿವಳಿಕೆ ಇಂಜೆಕ್ಷನ್ ಪಡೆದು, ಪಾದದಲ್ಲಿ ಸ್ಪರ್ಶಜ್ಞಾನವೇ ಇಲ್ಲದ ಸ್ಥಿತಿಯಲ್ಲಿ ಆಡಿ, ಅಲ್ಲಿ ತಮ್ಮ 14ನೇ ಪ್ರಶಸ್ತಿ ಗೆದ್ದರು. ಅವರು ಅದನ್ನು ಮುಚ್ಚಿಡಲಿಲ್ಲ, ಹೀಗೆಯೇ ಮುಂದುವರಿಯಲು ಇಷ್ಟವಿಲ್ಲವೆಂದೂ ಆಗಲೇ ಹೇಳಿದರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಗೌರವವಿದೆ. ಆದರೆ ನಾವು ಹೀಗೆ ಮಾಡಿದ್ದರೆ ನಮ್ಮನ್ನು ಸುಮ್ಮನೆ ಬಿಡುತ್ತಿದ್ದರೇ ಎಂದು ಫ್ರಾನ್ಸ್‌ನ ಸೈಕಲ್ ಸ್ಪರ್ಧಿಗಳು ಆಗ ಎತ್ತಿದ ಪ್ರಶ್ನೆಯೂ ನ್ಯಾಯವಾದದ್ದೇ. ಸೈಕ್ಲಿಂಗ್‌ನಲ್ಲಿ ಸ್ಪಷ್ಟ ವೈದ್ಯಕೀಯ ಅಗತ್ಯವಿಲ್ಲದ ಇಂಜೆಕ್ಷನ್‌ಗಳಿಗೆ 2011ರಿಂದಲೇ ನಿಷೇಧವಿದೆ, ಸ್ಟೀರಾಯ್ಡ್ ಚುಚ್ಚಿಸಿಕೊಂಡವರು 8 ದಿನ ಸ್ಪರ್ಧೆಯಿಂದ ದೂರವಿರಬೇಕೆಂಬ ನಿಯಮವೂ ಬಂದಿದೆ. ಕಠಿಣ ನಿಯಮ ಹಾಕಿದರೆ ಆಟವೇ ನಡೆಯದು ಎನ್ನುವವರು ಇದನ್ನೊಮ್ಮೆ ಗಮನಿಸಬೇಕು.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮ ನಗರದ ನಡುವೆಯೇ ಇರುವ ರೇಸ್‌ಕೋರ್ಸ್‌ನಲ್ಲಿ ಓಡುವ ಕುದುರೆಗೆ ಸ್ಥಳೀಯ ಅರಿವಳಿಕೆ ಕೊಡುವಂತಿಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಓಡಿದ ಕ್ವೀನ್ ಲತೀಫಾ ಎಂಬ ಕುದುರೆಯ ಮಾದರಿಯಲ್ಲಿ ಪ್ರೋಕೇನ್ ಎಂಬ ಅರಿವಳಿಕೆ ಮದ್ದು ಪತ್ತೆಯಾದಾಗ ಪ್ರಕರಣ ಪೊಲೀಸ್ ತನಿಖೆಯವರೆಗೂ ಹೋಗಿದ್ದು ಓದುಗರಿಗೆ ನೆನಪಿರಬಹುದು. ಕುದುರೆಗಳ ವಿಷಯದಲ್ಲಿ ಜಗತ್ತಿನಾದ್ಯಂತ ಈ ಎಚ್ಚರಿಕೆ ಇರುವುದಕ್ಕೆ ಬಾಜಿಯ ಹಣವೊಂದೇ ಕಾರಣವಲ್ಲ. ಕಾಲಿನಲ್ಲಿ ಸಣ್ಣ ಬಿರುಕಿರುವ ಕುದುರೆಗೆ ಆ ನೋವು ತಿಳಿಯದಂತೆ ಮಾಡಿ ಓಡಿಸಿದರೆ, ಅದು ಪೂರ್ತಿ ಭಾರ ಹಾಕಿ ಓಡುತ್ತದೆ, ಕಾಲು ಮುರಿದುಕೊಳ್ಳುತ್ತದೆ, ಬೆನ್ನ ಮೇಲಿರುವ ಜಾಕಿಯ ಪ್ರಾಣಕ್ಕೂ ಸಂಚಕಾರ ತರುತ್ತದೆ. ಪಶುವೈದ್ಯರು ಇದೇ ಮದ್ದನ್ನು ಬೇರೆಯೇ ಉದ್ದೇಶಕ್ಕೆ ಬಳಸುತ್ತಾರೆ: ಕುಂಟುವ ಕಾಲಿನ ನರಗಳನ್ನು ಕೆಳಗಿನಿಂದ ಒಂದೊಂದಾಗಿ ಮರಗಟ್ಟಿಸುತ್ತ ಹೋಗಿ, ಎಲ್ಲಿ ಕುಂಟು ನಿಲ್ಲುತ್ತದೆಯೋ ಅಲ್ಲಿ ಕಾಯಿಲೆ ಇದೆಯೆಂದು ಗುರುತಿಸುತ್ತಾರೆ. ಮನುಷ್ಯರ ಕೀಲುಗಳಲ್ಲೂ ನೋವಿನ ಮೂಲ ಹುಡುಕಲು ವೈದ್ಯರು ಅರಿವಳಿಕೆ ಚುಚ್ಚುವುದುಂಟು. ಕಾಯಿಲೆಯ ಜಾಗವನ್ನು ತೋರಿಸಿಕೊಡಬೇಕಾದ ಸೂಜಿಯನ್ನು ನಾವು ಅದನ್ನು ಮರೆಮಾಚಲು ಬಳಸುತ್ತಿದ್ದೇವೆ.

ಕುದುರೆಗೆ ಬಾಯಿಲ್ಲ, ಅದರ ಒಪ್ಪಿಗೆ ಕೇಳಲಾಗದು, ಆಟಗಾರ ಪ್ರಾಯಕ್ಕೆ ಬಂದವನು, ತಿಳಿದೇ ಒಪ್ಪುತ್ತಾನೆ ಎಂಬ ಮಾತು ಇದಕ್ಕೆ ಉತ್ತರವಾಗಿ ಬರುತ್ತದೆ. ಆ ಒಪ್ಪಿಗೆ ಹೇಗಿರುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಗರದಲ್ಲಿ ನಡೆದ ಒಂದು ಕಬಡ್ಡಿ ಟೂರ್ನಿಯ ಸೆಮಿಫೈನಲ್‌ಗೆ ಮುನ್ನ, ಮಂಡ್ಯ ಕಡೆಯ ಯುವ ರೈಡರ್ ಒಬ್ಬನ ಬಲ ಪಾದದ ಗಂಟು ಹೊರಬದಿಯಲ್ಲಿ ಊದಿಕೊಂಡಿತ್ತು. ಬೆರಳಿನಿಂದ ಮೆಲ್ಲಗೆ ಒತ್ತಿದರೂ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಆಡಿಸುವುದು ಬೇಡ, ಮೊದಲು ಸ್ಕ್ಯಾನ್ ಆಗಲಿ ಎಂದು ನಾನು ಹೇಳಿದೆ. ತಂಡದವರು ತಮ್ಮ ವೈದ್ಯರನ್ನು ಕರೆಸಿದರು. ಡ್ರೆಸ್ಸಿಂಗ್ ರೂಮಿನ ಬೆಂಚಿನ ಮೇಲೆಯೇ ಸ್ಪಿರಿಟ್ ಹತ್ತಿಯಿಂದ ಒರೆಸಿ, ಗಂಟಿನ ಮುಂದೆ ಮತ್ತು ಕೆಳಗೆ ಲಿಗ್ನೋಕೇನ್ ಚುಚ್ಚಲಾಯಿತು. ಕೆಲವೇ ನಿಮಿಷಗಳಲ್ಲಿ ಹುಡುಗ ಅದೇ ಕಾಲಿನ ಮೇಲೆ ಕುಪ್ಪಳಿಸಿ ನೋಡಿ, ಮುಖವರಳಿಸಿ, "ಸಾರ್, ಈಗ ಏನೂ ಗೊತ್ತಾಗ್ತಿಲ್ಲ, ಆಡ್ತೀನಿ" ಎಂದ. ನಾನು ಮತ್ತೆ ಬೇಡವೆಂದಾಗ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: "ಹುಡುಗನೇ ಒಪ್ಪಿದ್ದಾನಲ್ಲ." 40 ನಿಮಿಷದ ಕಬಡ್ಡಿ ಪಂದ್ಯಕ್ಕೆ ಆ ಮದ್ದು ಧಾರಾಳವಾಗಿ ಸಾಕಾಗುತ್ತದೆ. ದ್ವಿತೀಯಾರ್ಧದಲ್ಲಿ ಎದುರಾಳಿ ಡಿಫೆಂಡರ್ ಅದೇ ಕಾಲಿಗೆ ಆಂಕಲ್ ಹೋಲ್ಡ್ ಹಾಕಿದ. ಹುಡುಗ ಬಿಡಿಸಿಕೊಂಡು ಎದ್ದು, ಮತ್ತೊಂದು ರೈಡ್‌ಗೂ ಹೋದ. ಅವನ ಪಾದ ಒಳಕ್ಕೆ ತಿರುಚಿಕೊಂಡಿರುವುದು ಅವನಿಗಿಂತ ಮೊದಲು ಮುಂದಿನ ಸಾಲಿನಲ್ಲಿದ್ದ ಪ್ರೇಕ್ಷಕರಿಗೆ ಕಂಡಿತು. ಅಸ್ಥಿರಜ್ಜು ಪೂರ್ತಿ ಹರಿದಿತ್ತು, ಕೀಲಿನ ಮೃದ್ವಸ್ಥಿಯ ಚೂರೊಂದು ಎದ್ದುಬಂದಿತ್ತು. ಸ್ಕ್ಯಾನ್ ಆಗಿದ್ದು ಆಮೇಲೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಕ್ರೀಡಾ ಕೋಟಾದಡಿ ಅವನು ಕಾಯುತ್ತಿದ್ದ ಪೊಲೀಸ್ ಕೆಲಸದ ದೈಹಿಕ ಪರೀಕ್ಷೆಗೆ ಹೋಗುವ ಸ್ಥಿತಿಯಲ್ಲೂ ಅವನಿರಲಿಲ್ಲ.

ಆ ಹುಡುಗ ಒಪ್ಪಿದ್ದು ನಿಜ. ಆದರೆ ಒಳಗೆ ಏನು ಹರಿದಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಏಕೆಂದರೆ ಅದನ್ನು ಯಾರೂ ಪರೀಕ್ಷಿಸಿರಲಿಲ್ಲ. ಬೇಡವೆಂದಿದ್ದರೆ ಅವನ ಜಾಗಕ್ಕೆ ಇನ್ನೊಬ್ಬ ಕಾದು ನಿಂತಿದ್ದ. ಮುಂದಿನ ಹರಾಜಿನಲ್ಲಿ ಗಾಯಾಳು ಎಂಬ ಹಣೆಪಟ್ಟಿ ಅವನ ಬೆಲೆಯನ್ನು ತಗ್ಗಿಸುತ್ತಿತ್ತು. ಮನೆಯಲ್ಲಿ ಅವನ ಸಂಪಾದನೆಯನ್ನೇ ನಂಬಿದವರಿದ್ದರು. ಸಲಹೆ ಕೊಟ್ಟ ವೈದ್ಯರೂ ತಂಡದಿಂದಲೇ ಸಂಬಳ ಪಡೆಯುವವರು. ಹಳ್ಳಿಯಿಂದ ಬಂದು, ರೈಲ್ವೆ, ಪೊಲೀಸ್ ಇಲಾಖೆ ಅಥವಾ ಬ್ಯಾಂಕಿನ ಒಂದು ನೌಕರಿಗಾಗಿ ಆಡುವ ಸಾವಿರಾರು ಹುಡುಗ ಹುಡುಗಿಯರ ಸ್ಥಿತಿ ನಡಾಲ್ ಅವರದ್ದಲ್ಲ. ನಡಾಲ್ ಬಳಿ ಅವರದೇ ವೈದ್ಯರಿದ್ದರು, ಆಡದೇ ಇರುವ ಆಯ್ಕೆಯೂ ಇತ್ತು. ಅಂಥ ಆಯ್ಕೆ ಇಲ್ಲದವರಿಂದ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಪಡೆದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಲು ನಾನು ಸಿದ್ಧನಿಲ್ಲ.

ಹೆಸರಾಂತ ಆಟಗಾರರಿಗೂ ಈ ಒತ್ತಡ ತಪ್ಪಿದ್ದಲ್ಲ. 2023ರ ಏಕದಿನ ವಿಶ್ವಕಪ್‌ನಲ್ಲಿ 7 ಪಂದ್ಯಗಳಿಂದ 24 ವಿಕೆಟ್ ಪಡೆದ ಮೊಹಮ್ಮದ್ ಶಮಿ, ಹಿಮ್ಮಡಿಯ ನೋವಿಗೆ ಇಂಜೆಕ್ಷನ್ ಪಡೆಯುತ್ತಲೇ ಆ ಟೂರ್ನಿ ಆಡಿದ್ದರೆಂದು ಆಮೇಲೆ ವರದಿಯಾಯಿತು. 2024ರ ಫೆಬ್ರುವರಿಯಲ್ಲಿ ಅವರಿಗೆ ಶಸ್ತ್ರಚಿಕಿತ್ಸೆ ಆಯಿತು. ಐಪಿಎಲ್ ಮತ್ತು ಟಿ20 ವಿಶ್ವಕಪ್ ಎರಡೂ ಕೈತಪ್ಪಿದವು. ನಮ್ಮ ಬೆಂಗಳೂರಿನ ಅಕಾಡೆಮಿಯಲ್ಲಿ ಪುನಶ್ಚೇತನಕ್ಕಾಗಿ ದೀರ್ಘಕಾಲ ಶ್ರಮಿಸಿದ ಅವರು ಮತ್ತೆ ರಣಜಿ ಪಂದ್ಯಕ್ಕೆ ಇಳಿದದ್ದು ಆ ವರ್ಷದ ನವೆಂಬರ್‌ನಲ್ಲಿ. ಇಂಜೆಕ್ಷನ್‌ನಿಂದಲೇ ಹೀಗಾಯಿತೆಂದು ನಾನು ಹೇಳುತ್ತಿಲ್ಲ. ಆದರೆ ಆ ದಿನಗಳಲ್ಲಿ ದೇಶವೆಲ್ಲ ಅವರ ಬೌಲಿಂಗ್ ನೋಡಿ ಸಂಭ್ರಮಿಸುತ್ತಿದ್ದಾಗ ಈ ಸಂಗತಿ ನಮಗ್ಯಾರಿಗೂ ತಿಳಿದಿರಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಇದಕ್ಕೆ ಎದುರಾಗಿ ನಮ್ಮವರೆಲ್ಲ ನೆನೆಯುವ ಒಂದು ದೃಶ್ಯವಿದೆ. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಮರ್ವಿನ್ ಡಿಲಾನ್ ಅವರ ಚೆಂಡು ಬಡಿದು ದವಡೆ ಮುರಿದಿದ್ದರೂ, ಅನಿಲ್ ಕುಂಬ್ಳೆ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಬೌಲ್ ಮಾಡಿ ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯೂ ಬಲೆಗೆ ಕೆಡವಿದರು. ಆ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಬೌಲಿಂಗಿನ ಭಾರ ದವಡೆಯ ಮೇಲೆ ಬೀಳುವುದಿಲ್ಲ. ಗಾಯ ಏನೆಂದು ಪತ್ತೆಯಾಗಿತ್ತು. ಆ ಬ್ಯಾಂಡೇಜ್ ಅಂಪೈರ್‌ಗೂ ಎದುರಾಳಿಗೂ ಟಿ.ವಿ. ಮುಂದೆ ಕುಳಿತ ನಮಗೂ ಕಾಣುತ್ತಿತ್ತು. ಮರುದಿನವೇ ಅವರು ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಟರು. ಪಾದದ ಗಂಟಿಗೆ ಮರೆಯಲ್ಲಿ ಚುಚ್ಚಿದ ಸೂಜಿಗೆ ಈ ಉದಾಹರಣೆಯನ್ನು ಸಮರ್ಥನೆಯಾಗಿ ಬಳಸುವುದು ಕುಂಬ್ಳೆ ಅವರಿಗೂ ಮಾಡುವ ಅನ್ಯಾಯ.

ಎಲ್ಲ ಇಂಜೆಕ್ಷನ್‌ಗಳೂ ಸಮಾನವಾಗಿ ಅಪಾಯಕಾರಿ ಎಂಬ ವಾದ ನನ್ನದಲ್ಲ. ಆಸ್ಟ್ರೇಲಿಯಾದ ಕ್ರೀಡಾ ವೈದ್ಯ ಜಾನ್ ಆರ್ಚರ್ಡ್ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಆಟಗಾರರಿಗೆ ಕೊಟ್ಟ ಅರಿವಳಿಕೆ ಇಂಜೆಕ್ಷನ್‌ಗಳನ್ನು ವರ್ಷಗಟ್ಟಲೆ ದಾಖಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆರಳು, ಪಕ್ಕೆಲುಬು, ಭುಜದ ಮೇಲ್ಭಾಗದ ಕೀಲುಗಳಲ್ಲಿ ಅಪಾಯ ಕಡಿಮೆಯೆಂದೂ, ಕೆಲವು ಗಾಯಗಳು ಇಂಜೆಕ್ಷನ್ ಪಡೆದು ಆಡಿದ್ದರಿಂದ ಹದಗೆಟ್ಟವೆಂದೂ ತಿಳಿಸಿದ್ದಾರೆ. ಭಾರ ಹೊರುವ ಕೀಲುಗಳು, ಸ್ನಾಯುರಜ್ಜುಗಳು, ಮೂಳೆಯ ಬಿರುಕುಗಳಲ್ಲಿ ನೋವನ್ನು ಇಲ್ಲವಾಗಿಸುವುದು ಬೇರೆಯೇ ಮಾತು. ಪಕ್ಕೆಲುಬಿನ ವಿಷಯದಲ್ಲೂ ಮೈಮರೆಯುವಂತಿಲ್ಲ: 2020ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡದ ಟೈರೋಡ್ ಟೇಲರ್‌ಗೆ ಪಂದ್ಯಕ್ಕೆ ತುಸು ಮುನ್ನ ಪಕ್ಕೆಲುಬಿನ ನೋವಿಗೆ ಇಂಜೆಕ್ಷನ್ ಕೊಡುವಾಗ ತಂಡದ ವೈದ್ಯರ ಸೂಜಿ ಶ್ವಾಸಕೋಶಕ್ಕೇ ತಗುಲಿತು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಮೊಣಕಾಲು, ಪಾದದ ಗಂಟು, ಹಿಮ್ಮಡಿ, ಬೆನ್ನುಮೂಳೆ, ತೊಡೆಸಂದುಗಳನ್ನು ಮರಗಟ್ಟಿಸಿ ಪಂದ್ಯದ ದಿನ ಆಡಿಸುವುದನ್ನು ವೃತ್ತಿಪರ ಲೀಗ್‌ಗಳು ಪೂರ್ತಿ ನಿಷೇಧಿಸಬೇಕು. ಬೆರಳಿನಂತಹ ಉಳಿದ ಕಡೆ ಅನಿವಾರ್ಯವೆನಿಸಿದರೆ, ಸ್ಕ್ಯಾನ್ ವರದಿ ಕೈಯಲ್ಲಿಟ್ಟುಕೊಂಡು, ತಂಡದಿಂದ ಸಂಬಳ ಪಡೆಯದ ವೈದ್ಯರೊಬ್ಬರು, ಆಟಗಾರನಿಗೆ ಅವನ ಭಾಷೆಯಲ್ಲಿ ಅಪಾಯವನ್ನು ವಿವರಿಸಿ, ಬರಹದಲ್ಲಿ ಅನುಮತಿ ನೀಡಬೇಕು, ಆ ದಾಖಲೆಯ ಒಂದು ಪ್ರತಿ ಆಟಗಾರನ ಕೈಯಲ್ಲೇ ಇರಬೇಕು. ಬೇಡವೆಂದು ಹೊರಗುಳಿದವನಿಗೆ ಒಪ್ಪಂದದ ಹಣ ಕಡಿತವಾಗಬಾರದು. ಇದಿಲ್ಲದಿದ್ದರೆ ಮೇಲಿನ ನಿಯಮಗಳೆಲ್ಲ ಕಾಗದದಲ್ಲೇ ಉಳಿಯುತ್ತವೆ. 2022ರಲ್ಲೇ ದೇಶಕ್ಕೆ ಉದ್ದೀಪನ ಮದ್ದು ತಡೆ ಕಾಯ್ದೆ ಬಂದಿದ್ದರೂ ವಾಡಾ ಪಟ್ಟಿಯಲ್ಲಿ ಇಲ್ಲದ ಈ ವಿಷಯ ಅದರ ಹಿಡಿತಕ್ಕೆ ಸಿಗುವುದಿಲ್ಲ, ಹೀಗಾಗಿ ಹೊಣೆ ಆಟದ ಸಂಸ್ಥೆಗಳ ಮೇಲೆಯೇ ಇದೆ. ಮಹಾರಾಜ ಟ್ರೋಫಿ ನಡೆಸುವ ರಾಜ್ಯ ಕ್ರಿಕೆಟ್ ಸಂಸ್ಥೆಯೂ ಇಲ್ಲಿನ ಕಬಡ್ಡಿ ಟೂರ್ನಿಗಳ ಸಂಘಟಕರೂ ದೆಹಲಿಯ ಆದೇಶಕ್ಕೆ ಕಾಯದೆ ಮುಂದಿನ ಋತುವಿನಿಂದಲೇ ತಮ್ಮ ಟೂರ್ನಿ ನಿಯಮಾವಳಿಯಲ್ಲಿ ಇವನ್ನು ಸೇರಿಸಬಹುದು. 18 ವರ್ಷ ತುಂಬದ ಆಟಗಾರರಿಗೆ ಆಡಿಸುವ ಸಲುವಾಗಿ ಇಂತಹ ಇಂಜೆಕ್ಷನ್ ಕೊಡಲು ಯಾವ ವೈದ್ಯರಿಗೂ, ಯಾವ ಕಾರಣಕ್ಕೂ ಅವಕಾಶ ಇರಬಾರದು. ಈ ಒಂದು ನಿಯಮವನ್ನಾದರೂ ಈ ವರ್ಷವೇ ಜಾರಿಗೆ ತರಬೇಕು.

ಇಂತಿ,
ಒಬ್ಬ ಫಿಸಿಯೋಥೆರಪಿಸ್ಟ್,
ಬಸವನಗುಡಿ, ಬೆಂಗಳೂರು